ಮೂರು ಬಾಯಿಗೆ ಒಂದೇ ಕಾರ್ಡು

ಹಲ್ಲಿನ ಆಸ್ಪತ್ರೆಗಳ ಮೇಲೆ ಕಣ್ಣಿಡಬೇಕಾದ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ಹಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಮನೆಯ ಮೂವರಿಗೂ ಸೇರಿ ಒಂದೇ ಕಾರ್ಡಿದೆ. ಅದರಿಂದ ನನ್ನ ನಾದಿನಿಯ ಜೀವವೇ ಹೋಗುವುದರಲ್ಲಿತ್ತು. ನಿಮ್ಮ ಕಚೇರಿಗೆ ಬಂದು ದೂರಿದರೆ, "ದಾಖಲೆ ತಗೊಂಡ್ ಬನ್ನಿ" ಎಂದರು ನಿಮ್ಮ ಗುಮಾಸ್ತರು. ದಾಖಲೆಯನ್ನೇ ನೆಟ್ಟಗೆ ಇಡುವುದಿಲ್ಲ ಎಂಬ ದೂರಿಗೆ ನಾನು ದಾಖಲೆಯನ್ನು ಎಲ್ಲಿಂದ ತರಲಿ ಸ್ವಾಮಿ? ಅದಕ್ಕೇ ನಾಲ್ಕು ಜನ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ಅಲ್ಲಿ ಕಾರ್ಡು ಮಾಡುವುದು ಫೋನ್ ನಂಬರಿನ ಮೇಲೆ. ನಮ್ಮ ಮನೆಯಲ್ಲಿ ಎಲ್ಲರೂ ಕೊಡುವುದು ನನ್ನ ನಂಬರನ್ನೇ. ಹಾಗಾಗಿ ಅತ್ತೆಯ ಕಟ್ಟಿಸಿದ ಹಲ್ಲು, ನನ್ನ ಹುಳುಕು ಹಲ್ಲು, ನಾದಿನಿಯ ವಸಡು ಎಲ್ಲವೂ ಒಂದೇ ಹಾಳೆಯಲ್ಲಿ ಕೂಡಿ ಸಂಸಾರ ಮಾಡುತ್ತಿವೆ. ಬೇರೆ ಬೇರೆ ಬರೆಯಮ್ಮ ಎಂದು ಒಮ್ಮೆ ಹೇಳಿದ್ದೆ. "ಒಂದ್ ಮನೆ, ಒಂದ್ ಫೋನು, ಒಂದ್ ಕಾರ್ಡು. ನಿಮ್ಗೇ ಸುಲಭ ಅಮ್ಮಾ," ಎಂದಳು ಬಾಗಿಲ ಬಳಿಯ ಮೇಜಿನಲ್ಲಿ ಕಾರ್ಡು ಬರೆಯುವ ಹುಡುಗಿ. ಒಂದು ಜಾತಿಯ ಮಾತ್ರೆ ನಾದಿನಿಗೆ ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ. ಹಳೆಯ ವೈದ್ಯರು ಅದನ್ನು ಕಾರ್ಡಿನಲ್ಲಿ ಬರೆದಿಟ್ಟಿದ್ದರು. ಯಾರಿಗೆ ಆಗದು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಹೋದ ತಿಂಗಳು ವಸಡಿನಲ್ಲಿ ಕೀವು ತುಂಬಿತೆಂದು ಅವಳನ್ನು ಕರೆದೊಯ್ದೆ. ಹೊಸ ವೈದ್ಯರು ಕಾರ್ಡು ನೋಡಿ, "ಏನಮ್ಮಾ, ಹಲ್ಲಿನ ಸೆಟ್ಟು ಮನೇಲೇ ಬಿಟ್ಟು ಬಂದ್ರಾ?" ಎಂದರು.

"ಅದು ನಮ್ಮಮ್ಮನ ಬಾಯಲ್ಲಿದೆ ಡಾಕ್ಟ್ರೇ. ಕಿತ್ಕೊಂಡ್ ಬರ್ಲಾ?" ಎಂದಳು ಇವಳು.

ಎಲ್ಲರೂ ನಕ್ಕೆವು. ನಗುವ ಹೊತ್ತಿಗೇ ಯಾರಿಗಾದರೂ ದಿಗಿಲಾಗಬೇಡವೇ? ಆಗದ ಮಾತ್ರೆಯ ಸಾಲೂ ಅಮ್ಮನದೇ ಇರಬೇಕು ಎಂದುಕೊಂಡರಂತೆ ವೈದ್ಯರು. ಹಾಗೆಂದು ಎಲ್ಲ ಆದಮೇಲೆ ಅವರೇ ಒಪ್ಪಿಕೊಂಡರು. ಅಂದು ಮಾತ್ರ ಆಗದ ಅದೇ ಮದ್ದನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದುಕೊಟ್ಟರು, ನಮಗೆ ಗುರುತು ಸಿಗಲಿಲ್ಲ. ಕಾರ್ಡಿನಲ್ಲಿ ಇದೆಯಲ್ಲ ಎಂದು ನಾವೂ ಸುಮ್ಮನಿದ್ದೆವು. ಮನೆಗೆ ಬಂದು ಮಾತ್ರೆ ನುಂಗಿದ್ದೇ ತಡ, ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಉಸಿರು ಸಿಳ್ಳೆ ಹಾಕತೊಡಗಿತು. ದೊಡ್ಡಾಸ್ಪತ್ರೆಗೆ ಹೊತ್ತೊಯ್ದ ಮೇಲೆ ಬದುಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತು ಯಾವುದು, ಎಮ್ಮೆ ಯಾವುದು ಎಂದು ಕೇಳುವವರೂ ಇಲ್ಲ.

"ದೇವ್ರು ಉಳಿಸಿದ್ನಲ್ಲ, ಬಿಡಿ" ಎಂದರು ನಿಮ್ಮ ಗುಮಾಸ್ತರು. ಉಳಿಸಿದ್ದು ದೇವರೇ, ಎರಡು ಹೊತ್ತು ಕೈಮುಗಿಯುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕೂಗಿದರೂ ಯಾವ ದನಿ ಯಾರದೆಂದು ಅವನಿಗೆ ಗೊತ್ತು. ವೈದ್ಯರಿಗೆ ಗೊತ್ತಾಗಬೇಕಾದರೆ ಬರೆದೇ ಇಡಬೇಕು. ನಿಮ್ಮ ಕೆಲಸವನ್ನು ದೇವರ ತಲೆಗೆ ಕಟ್ಟುವುದು ಅದ್ಯಾವ ಸೀಮೆ ಭಕ್ತಿ?

ಕೀವು ಇನ್ನೂ ಹಾಗೇ ಇದೆ. ಹಲ್ಲಿನ ವೈದ್ಯರ ಬಳಿಯೇ ತೆಗೆಸಿ, ದವಡೆಗೆ ಇಳಿದರೆ ಕಷ್ಟ ಎಂದಿದ್ದಾರೆ ದೊಡ್ಡಾಸ್ಪತ್ರೆಯವರು. ಇವಳು ಕೆನ್ನೆ ಹಿಡಿದುಕೊಂಡು ಅಡುಗೆಮನೆಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದಾಳೆ. ನೋಡುತ್ತ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಹೋಗೋಣ ಬಾ ಎಂದರೆ, "ಅತ್ತಿಗೇ, ಈ ಸಲ ಯಾರ್ ಕಾಯ್ಲೆಗೆ ನಂಗೆ ಮದ್ದು ಕೊಡ್ತಾರೋ! ನಾನ್ ಬರಲ್ಲ" ಎನ್ನುತ್ತಾಳೆ. ಅವಳ ಹೆದರಿಕೆ ಸುಳ್ಳು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಯಾಕೆಂದರೆ ಕಾರ್ಡು ಈಗಲೂ ಒಂದೇ.

ಯಾರನ್ನಾದರೂ ಕಳುಹಿಸಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಮಾಡಿಸಿ, ಆಗದ ಮದ್ದನ್ನು ಕಾರ್ಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ, ನಾದಿನಿಯದನ್ನು ಅವಳ ಕೈಯಲ್ಲಿಡಿ. ಹಲ್ಲಿನ ವೈದ್ಯರ ಕುರ್ಚಿಯವರೆಗೆ ಅವಳನ್ನು ಕೈಹಿಡಿದು ನಡೆಸುವ ಕೆಲಸ ನನ್ನದು. ದವಡೆ ಮಾತ್ರ ನಿಮ್ಮ ಸಹಿಗಾಗಿ ಕಾಯುವುದಿಲ್ಲ.

ಇಂತಿ,
ಮೂರು ಬಾಯಿಗೂ ತನ್ನದೇ ನಂಬರು ಕೊಟ್ಟು ಕೆಟ್ಟ ಸೊಸೆ