ಮಡ್‌ಗಾರ್ಡ್ ಇಲ್ಲದ ಬೈಕು

ಪ್ರಜ್ಞೇಶ್,

ಇದನ್ನು ನಾನು ಕಳಿಸುವುದಿಲ್ಲ, ಆದರೂ ಕೇಳು. ಇವತ್ತು ಶ್ರೀಮಂಗಲದ ಗದ್ದೆ ರೇಸಿನಲ್ಲಿ ನಾನೇ ಫಸ್ಟ್!

ಹೋದ ವರ್ಷ ನೀನು ನನ್ನ ಹೊಸ ಬೈಕಿನ ಮಡ್‌ಗಾರ್ಡ್ ಬಿಚ್ಚಲು ಸ್ಪ್ಯಾನರ್ ಹಾಕಿದಾಗ ಎಲ್ಲರೆದುರು ಬೈದು ಓಡಿಸಿದ್ದೆ. ಆಮೇಲೆ ರೇಸಿನಲ್ಲಿ ಅದರೊಳಗೆ ಕೆಸರು ತುಂಬಿ, ಚಕ್ರ ತಿರುಗದೆ ಗದ್ದೆ ಮಧ್ಯೆಯೇ ನಿಂತೆ.

ಈ ಸಲ ಎರಡೂ ಮಡ್‌ಗಾರ್ಡುಗಳನ್ನು ನಾನೇ ಬಿಚ್ಚಿದೆ. ಹೊಗೆ ಸೋಸುವ ಡಬ್ಬವಿದ್ದ ಭಾರದ ಸೈಲೆನ್ಸರನ್ನೂ ಬಿಚ್ಚಿ ಕಾಫಿ ಚೀಲಕ್ಕೆ ತುಂಬಿದೆ. ಕೊನೇ ಸುತ್ತಿನಲ್ಲಿ ಕೆಸರೆಲ್ಲ ನನ್ನ ಬಾಯಿಗೇ ಹಾರಿತು, ಚಕ್ರ ಮಾತ್ರ ನಿಲ್ಲಲಿಲ್ಲ. ಅವ್ವ ಏರಿ ಮೇಲೆ ನಿಂತು, "ಬುಡ್ಬೇಡ ಮೋಕ್ಷಿ, ಬುಡ್ಬೇಡ!" ಎಂದು ಕೂಗುತ್ತಿದ್ದಳು.

ಕಪ್ ಕೊಡುವಾಗ ಮೈಕಿನವರು ನಾನು ಫಾರ್ಮಿನಲ್ಲಿ ಬರೆದದ್ದನ್ನೇ ಓದಿದರು: "ರೈಡರ್ ಮೋಕ್ಷಿತಾ, ಮೆಕ್ಯಾನಿಕ್ ಪ್ರಜ್ಞೇಶ್. ಇಬ್ರೂ ಸ್ಟೇಜಿಗೆ ಬನ್ನಿ!"

ಅವತ್ತು ಹೋದ ನೀನು ಬಂದಿರಲಿಲ್ಲ, ನಾನೊಬ್ಬಳೇ ಹತ್ತಿದೆ. ಚಪ್ಪಾಳೆ ಇಬ್ಬರಿಗಾಗುವಷ್ಟಿತ್ತು.