ಅವರು ಹಾಕುತ್ತಿದ್ದ ಗಾಳ

ಜೂನ್ ೧೦, ಮಂಗಳವಾರ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರ.

ನಿಮ್ಮ ಪತ್ರ ನಿನ್ನೆ ಕೈಸೇರಿತು. ಮಗನ ಹೆಸರಿನಲ್ಲಿ ಮೇಲ್ ಬಂದಿದೆ, ಅದರಲ್ಲಿರುವ ಲಿಂಕ್ ಒತ್ತಲೋ ಬೇಡವೋ ಎಂದು ಕೇಳಿದ್ದೀರಿ. ಒತ್ತಬೇಡಿ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಕಿವಿಯಂತ್ರ ಶಿಳ್ಳೆ ಹೊಡೆಯುತ್ತದೆ. ಅದಕ್ಕೇ ನಿಮ್ಮ ಮನೆಯ ಕೆಳಗಿನ ಔಷಧಿ ಅಂಗಡಿಯವರಿಗೆ ಫೋನ್ ಮಾಡಿ, ಸ್ವಲ್ಪ ಮೇಲೆ ಹೋಗಿ ಅಮ್ಮನಿಗೆ ಆ ಮೇಲ್ ಮುಟ್ಟಬೇಡಿ ಅಂತ ಹೇಳಿ ಎಂದು ಕೇಳಿಕೊಂಡೆ. ಆಮೇಲೆ ಅವರೇ ಫೋನ್ ಮಾಡಿ, ಹೇಳಿದೆ, ಆದರೆ ಅಮ್ಮ ನಾನೇ ಕಳ್ಳ ಅನ್ನೋ ಹಾಗೆ ನೋಡಿದರು ಎಂದು ನಕ್ಕರು. ಹಾಗೆ ನೋಡಿದ್ದು ಒಳ್ಳೆಯದೇ ಆಯಿತು. ಆದರೆ ಯಾಕೆ ಮುಟ್ಟಬಾರದು ಎನ್ನುವುದನ್ನು ನಾನೇ ಬರೆಯಬೇಕು.

ಅದೇ ಮೇಲ್ ನನಗೂ ಬಂದಿತ್ತು.

ನಿಮ್ಮ ಮಗ ನಾನು ಕೆಲಸ ಮಾಡುವ ಈ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಇದ್ದರು ಎಂದು ನಿಮಗೆ ಗೊತ್ತು. ಏನು ಮಾಡುತ್ತಿದ್ದರು ಎಂದು ಬಹುಶಃ ಗೊತ್ತಿಲ್ಲ. ಅವರ ಕೆಲಸದಲ್ಲಿ ಒಂದು ಭಾಗ, ನಮಗೆಲ್ಲ ಸುಳ್ಳು ಮೇಲ್ ಕಳಿಸುವುದು. ಕಳ್ಳರು ಹೀಗೆ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವುದಕ್ಕೆ ಫಿಶಿಂಗ್ ಅನ್ನುತ್ತಾರೆ, ಗಾಳ ಹಾಕಿದ ಹಾಗೆ. ಸಿಬ್ಬಂದಿಗೆ ಅಭ್ಯಾಸವಾಗಲಿ ಎಂದು ಇವರೂ ಆಗಾಗ ಗಾಳ ಹಾಕುತ್ತಿದ್ದರು. ಯಾರಾದರೂ ಲಿಂಕ್ ಒತ್ತಿದರೆ ಒಂದು ಪುಟ ತೆರೆಯುತ್ತಿತ್ತು. ಅದರಲ್ಲಿ, ನೀವು ಸಿಕ್ಕಿಬಿದ್ದಿರಿ, ಗಾಬರಿ ಬೇಡ, ಎಲ್ಲಿ ಎಡವಿದಿರಿ ನೋಡಿ ಎಂದು ನಾಲ್ಕು ಸಾಲು. ಆ ಸಾಲುಗಳನ್ನು ಅವರೇ ಬರೆಯುತ್ತಿದ್ದರು.

ಇಡೀ ವರ್ಷದ ಮೇಲ್‌ಗಳನ್ನು ಮೊದಲೇ ಬರೆದು, ತಾವಾಗಿಯೇ ಹೋಗುವಂತೆ ದಿನಾಂಕ ಹಾಕಿಟ್ಟಿದ್ದರಂತೆ. ಇದು ಯಾರಿಗೂ ಹೊಳೆದಿರಲಿಲ್ಲ. ಅವರು ತೀರಿಹೋದ ಮೂರನೇ ವಾರ, ನಾನು ಕೆಲಸಕ್ಕೆ ಮರಳಿದ ದಿನ, ಒಂದು ಮೇಲ್ ಬಂತು. ಕ್ಯಾಂಟೀನಿನಲ್ಲಿ ಕೊಡೆ ಸಿಕ್ಕಿದೆ, ನಿಮ್ಮದೇ ಇರಬಹುದು, ಚಿತ್ರ ನೋಡಿ ಅಂತ. ಒತ್ತಿದೆ. ಹಿಡಿ ಸೊಟ್ಟಗಿರುವ ನಮ್ಮನೆಯ ಕೊಡೆಯ ಚಿತ್ರ. ಅದರ ಕೆಳಗೆ, ಸಿಕ್ಕಿಬಿದ್ದಿರಿ, ಮುಂದಿನ ಸಲ ಕಳಿಸಿದವರ ವಿಳಾಸವನ್ನು ಕೊನೆಯವರೆಗೆ ಓದಿ, ಈ ಕೊಡೆಯ ಯಜಮಾನರಿಗೆ ಕೊಡೆ ಮರೆಯುವ ಅಭ್ಯಾಸವೇ ಇಲ್ಲ ಎಂದಿತ್ತು.

ನಾನು ಕೂರುವುದು ನೆಲಮಾಳಿಗೆಯಲ್ಲಿ, ಎಕ್ಸ್‌ರೇ ದಾಖಲೆಗಳ ಕೋಣೆಯಲ್ಲಿ. ಹಳೆಯ ಫಿಲ್ಮುಗಳನ್ನು ಬೆಳಕಿನ ಹಲಗೆಗೆ ಹಚ್ಚಿ ಒಂದೊಂದಾಗಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಮೂಳೆಗಳೆಲ್ಲ ಕಾಣುತ್ತವೆ, ಮುಖ ಮಾತ್ರ ಕಾಣುವುದಿಲ್ಲ. ಅಂಥ ಕೋಣೆಯಲ್ಲಿ ಕೂತು ಆ ಸಾಲುಗಳನ್ನು ಓದಿದಾಗ, ಅವರು ಬೆನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡಂತಾಯಿತು. ತಿರುಗಿ ನೋಡಲಿಲ್ಲ. ತಿರುಗಿದರೆ ಇರುವುದಿಲ್ಲ ಎಂದು ಗೊತ್ತಿತ್ತಲ್ಲ.

ಆಮೇಲೆ ಬಂದ ಒಂದನ್ನೂ ಬಿಡಲಿಲ್ಲ ಅತ್ತೆ. ಸುಳ್ಳು ಎಂದು ನೋಡಿದೊಡನೆ ತಿಳಿಯುತ್ತಿತ್ತು, ತಿಳಿದೇ ಒತ್ತುತ್ತಿದ್ದೆ. ಸಿಕ್ಕಿಬಿದ್ದವರ ಜೊತೆ ಮಾತ್ರ ಅವರು ಮಾತಾಡುತ್ತಿದ್ದರು.

ಸಿಕ್ಕಿಬಿದ್ದವರ ಪಟ್ಟಿ ಮೇಲಿನವರಿಗೆ ಹೋಗುತ್ತದೆ. ಪ್ರತಿ ಸಲವೂ ನನ್ನ ಹೆಸರು. ಗಂಡ ಬಲೆ ಹೆಣೆಯೋನು, ಹೆಂಡತಿ ಅದರಲ್ಲೇ ಬೀಳೋಳು, ಎಂಥ ಜೋಡಿಯಪ್ಪ ಎಂದು ವಾರ್ಡಿನ ದೊಡ್ಡ ನರ್ಸ್ ನಾನಿದ್ದೇನೆಂದು ಗೊತ್ತಿಲ್ಲದೆ ಅಂದರು. ಗೊತ್ತಾದಮೇಲೆ ಚಹಾ ತಂದುಕೊಟ್ಟರು. ನಮ್ಮ ವಿಭಾಗದ ಮುಖ್ಯಸ್ಥರು ಕರೆದು, ನೋಡಮ್ಮಾ, ನಿನ್ನ ಪಾಸ್‌ವರ್ಡ್ ಹೋದರೆ ಹೋಗೋದು ನಿಂದಲ್ಲ, ಸಾವಿರಾರು ರೋಗಿಗಳದ್ದು, ಇನ್ನೊಂದು ಸಲ ಹೀಗಾದರೆ ನಿನ್ನನ್ನ ಕಂಪ್ಯೂಟರಿನಿಂದ ಎತ್ತಲೇಬೇಕಾಗುತ್ತೆ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಈ ಕೆಲಸ ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ. ಆದರೂ ಮುಂದಿನ ಮೇಲ್ ಯಾವಾಗ ಬಂದೀತು ಎಂದು ಕಾಯುತ್ತಲೇ ಇದ್ದೆ.

ಕಳೆದ ಗುರುವಾರ ಬಂತು. ಈ ಸಲ ಕಳಿಸಿದವರ ಜಾಗದಲ್ಲಿ ಅವರದೇ ಹೆಸರು. ನಾನು ಹೋಗುವ ಮೊದಲು ನಿನಗಾಗಿ ದನಿ ಮುದ್ರಿಸಿಟ್ಟಿದ್ದೇನೆ, ಬೇಗ, ಇವತ್ತು ಸಂಜೆಯೊಳಗೆ ಕೇಳು, ಇಲ್ಲದಿದ್ದರೆ ಶಾಶ್ವತವಾಗಿ ಅಳಿಸಿಹೋಗುತ್ತದೆ, ಪಾಸ್‌ವರ್ಡ್ ಹಾಕಿದರೆ ಸಾಕು ಎಂದಿತ್ತು. ನಿಮಗೆ ಬಂದದ್ದರಲ್ಲೂ ಇದೇ ಮಾತುಗಳಿವೆ ಎಂದು ಬರೆದಿದ್ದೀರಿ.

ಲಿಂಕ್ ಒತ್ತಿ, ತೆರೆದ ಪುಟದಲ್ಲಿ ಎರಡು ಸಲ ಪಾಸ್‌ವರ್ಡ್ ತಪ್ಪಾಗಿ ಬರೆದೆ, ಅಳಿಸಿದೆ. ಮೂರನೆಯ ಸಲ ಸರಿಯಾಗಿ ಬಂತು. ಕಳಿಸುವ ಗುಂಡಿಯೊಂದೇ ಬಾಕಿ. ಆಗ ಆ 'ಬೇಗ' ಕಣ್ಣಿಗೆ ಚುಚ್ಚಿತು.

ಅವರು ಯಾರಿಗಾದರೂ ಬೇಗ ಅಂದದ್ದನ್ನು ನೀವು ಕೇಳಿದ್ದೀರಾ? ಆಮೆ, ಆಮೆ ಎಂದು ನೀವೇ ಅವರನ್ನು ಸಣ್ಣಂದಿನಿಂದ ಕರೆದದ್ದು. ಶೂ ಲೇಸು ಕಟ್ಟುವಷ್ಟರಲ್ಲಿ ನಮ್ಮ ಬಸ್ಸು ಹೋಗಿಬಿಡುತ್ತಿತ್ತು. ಅವರ ಸುಳ್ಳು ಮೇಲ್‌ಗಳಲ್ಲೂ ಅವಸರ ಇರುತ್ತಿರಲಿಲ್ಲ, ಬೆದರಿಕೆ ಇರುತ್ತಿರಲಿಲ್ಲ. ಹೆದರಿಸಿ ಕಲಿಸಿದ್ದು ತಲೆಯಲ್ಲಿ ನಿಲ್ಲಲ್ಲ ಅನ್ನುತ್ತಿದ್ದರು. ಪಾಸ್‌ವರ್ಡನ್ನಂತೂ ಒಮ್ಮೆಯೂ ಕೇಳಿದವರಲ್ಲ.

ಕೀಲಿಮಣೆಯಿಂದ ಕೈ ತೆಗೆದು, ಅವರು ಕಲಿಸಿದ್ದನ್ನೇ ಮಾಡಿದೆ. ಕಳಿಸಿದವರ ವಿಳಾಸವನ್ನು ಕೊನೆಯವರೆಗೆ ಓದಿದೆ. ಮುಂದೆ ಅವರ ಹೆಸರು, ಹಿಂದೆ ತಲೆಬುಡವಿಲ್ಲದ ಅಕ್ಷರಗಳು. ಪುಟ ಮುಚ್ಚಿ, ಮೇಲ್‌ನಲ್ಲಿದ್ದ ಲಿಂಕಿನ ಮೇಲೆ ಒತ್ತದೆ ಸುಮ್ಮನೆ ಮೌಸಿನ ಬಾಣ ಇಟ್ಟು, ಮೂಡಿದ ವಿಳಾಸ ನೋಡಿದೆ. ಅದು ಹೋಗುತ್ತಿದ್ದ ಜಾಗಕ್ಕೂ ನಮ್ಮ ಆಸ್ಪತ್ರೆಗೂ ಸಂಬಂಧವೇ ಇರಲಿಲ್ಲ. ಆ ಮೇಲ್‌ಗೆ ಉತ್ತರಿಸದೆ, ಅವರ ಜಾಗಕ್ಕೆ ಬಂದಿರುವಾಕೆಗೆ ಫೋನ್ ಮಾಡಿದೆ.

ಆಕೆ ಓಡಿಬಂದರು. ಕಳ್ಳರು ನಮ್ಮನ್ನು ಹಿಡಿದದ್ದು ಆಸ್ಪತ್ರೆಯ ಜಾಲತಾಣದ ಶ್ರದ್ಧಾಂಜಲಿ ಪುಟದಿಂದಂತೆ. ಅಲ್ಲಿ ನೀವು ನಿಮ್ಮ ಮೇಲ್ ವಿಳಾಸದ ಸಮೇತ ನಾಲ್ಕು ಮಾತು ಬರೆದಿದ್ದಿರಿ, ನಾನೂ ಬರೆದಿದ್ದೆ. ಅಲ್ಲಿ ಬರೆದಿದ್ದ ಲೆಕ್ಕಪತ್ರ ವಿಭಾಗದವರೊಬ್ಬರು ಆಗಲೇ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರು. ಆಕೆ ಅದನ್ನು ತಕ್ಷಣ ಬದಲಿಸಿದ್ದರಿಂದ ರೋಗಿಗಳ ದಾಖಲೆ ಉಳಿಯಿತು.

ಹೊರಡುವಾಗ ಆಕೆ ಬಾಗಿಲ ಬಳಿ ನಿಂತು, ಒಂದು ಮಾತು ಅಕ್ಕಾ, ಉಳಿದವರು ಸಿಕ್ಕಿಬಿದ್ದಿರಿ ಅನ್ನೋ ಆ ಪುಟಾನ ನೋಡಿದ ತಕ್ಷಣ ಮುಚ್ಚಿಬಿಡ್ತಾರೆ, ನಿಮ್ಮದು ಮಾತ್ರ ಊಟದ ಹೊತ್ತೆಲ್ಲ ತೆರೆದೇ ಇರುತ್ತೆ, ನನಗೆ ಕಾಣುತ್ತೆ ಎಂದರು. ನಾನು ಬೆಳಕಿನ ಹಲಗೆ ಆರಿಸಿದೆ. ಬಾಕಿ ಇರುವ ಮೇಲ್‌ಗಳನ್ನು ನಿಲ್ಲಿಸಿಬಿಡಿ ಎಂದೆ. ನಿಲ್ಲಿಸಿದರು. ಅವುಗಳಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ.

ನೀವು ಒತ್ತಿಲ್ಲ ಎಂದು ಬರೆದಿದ್ದೀರಿ, ನಂಬಿದ್ದೇನೆ. ಒತ್ತಿದ್ದರೂ ಬೈಯುವ ಯೋಗ್ಯತೆ ನನಗಿಲ್ಲ. ಹಾಗೇನಾದರೂ ಆಗಿದ್ದರೆ ಇವತ್ತೇ ಔಷಧಿ ಅಂಗಡಿಯವರ ಕೈಯಲ್ಲಿ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ. ಆ ಕಳ್ಳರಿಗೆ ಮರಳಿ ಬರೆದು ಬೈಯಲೂ ಹೋಗಬೇಡಿ. ಯಾರಾದರೂ ನಿಮ್ಮನ್ನು ಬೇಗ ಬೇಗ ಅಂದರೆ, ನಿಮ್ಮ ಆಮೆಯನ್ನು ನೆನೆದು ಒಂದು ಗಳಿಗೆ ಸುಮ್ಮನೆ ಕೂತುಬಿಡಿ.

ನಿಮ್ಮ ಪ್ರೀತಿಯ
ಸೊಸೆ

ಮರೆತ ಮಾತು: ಬಾಕಿ ಮೇಲ್‌ಗಳಲ್ಲಿ ಏನಿತ್ತು ಎಂದು ಕೇಳಲಿಲ್ಲ ಎಂದದ್ದು ಸುಳ್ಳು. ಕೇಳಿದೆ. ಆಕೆ ಒಂದನ್ನು ಕಾಗದದ ಮೇಲೆ ತೆಗೆದುಕೊಟ್ಟರು, ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಶಿಳ್ಳೆ ಹೊಡೆಯದ ಕಿವಿಯಂತ್ರ ಉಚಿತ, ಇಲ್ಲಿ ಒತ್ತಿ ಎಂಬುದು ಗಾಳ. ಒತ್ತಿದವರಿಗೆ ಅವರು ಬರೆದಿಟ್ಟದ್ದು, ಸಿಕ್ಕಿಬಿದ್ದಿರಿ, ಅಂಥದ್ದೊಂದು ಎಲ್ಲಾದರೂ ಇದ್ದಿದ್ದರೆ ಮೊದಲು ನಮ್ಮಮ್ಮನಿಗೆ ತಂದುಕೊಡುತ್ತಿದ್ದೆ ಅಂತ. ಕಾಗದದಲ್ಲಿ ಒತ್ತುವಂಥದ್ದು ಏನೂ ಇಲ್ಲ, ಹೆದರಬೇಡಿ. ಆದರೂ ನಾನು ಒತ್ತಿ ನೋಡಿದೆ.