ಒಂದೇ ಲಿವರ್, ಇಬ್ಬರು

ಮಾರ್ಚ್ 3
ಇವತ್ತೂ ಫೋನ್ ಸರ್ವೆಯಲ್ಲಿ ಅದೇ ಪ್ರಶ್ನೆ. ಇರುವುದು ಒಂದೇ ಲಿವರ್, ಕಾಯುತ್ತಿರುವವರು ಇಬ್ಬರು, ಯಾರಿಗೆ ಕೊಡಬೇಕು? ಮೊದಲನೆಯವಳಿಗೆ ಇಪ್ಪತ್ತಾರು, ಮಕ್ಕಳಿಗೆ ಈಜು ಕಲಿಸುತ್ತಾಳೆ. ಎರಡನೆಯವಳಿಗೆ ನಲವತ್ತೈದು, ಹಿಂದೆ ಕುಡಿಯುತ್ತಿದ್ದಳು, ಈಗ ಬಿಟ್ಟಿದ್ದಾಳೆ. ಫೋನಿನಲ್ಲಿ ದನಿ ಏರಿಳಿಯದಂತೆ ಓದಬೇಕು. ಹೂಂಗುಟ್ಟುವಂತೆಯೂ ಇಲ್ಲ, ಸರ್ವೆಯ ನಿಯಮ. ಎಲ್ಲರೂ ಹುಡುಗಿಗೇ ಅನ್ನುತ್ತಾರೆ. ರಿಟೈರ್ಡ್ ಮೇಷ್ಟ್ರೊಬ್ಬರು, "ಮಾಡಿದ್ದುಣ್ಣೋ ಮಹರಾಯ ಅಂತ ಗಾದೇನೇ ಇದೆಯಲ್ಲಮ್ಮ" ಎಂದರು. ಥ್ಯಾಂಕ್ಸ್ ಹೇಳಿ ಇಟ್ಟೆ.

ಮನೆಗೆ ಬಂದರೆ ಅಕ್ಕ ಸೋಫಾದ ಮೇಲೆ. ಕಣ್ಣೆಲ್ಲ ಹಳದಿ, ಹೊಟ್ಟೆ ಊದಿದೆ. ಕುಡಿತ ಬಿಟ್ಟು ಎರಡು ವರ್ಷವಾಯಿತು... ಲಿವರ್ ಸಿಕ್ಕಿದೆ ಎಂಬ ಆಸ್ಪತ್ರೆಯ ಕರೆ ಮಾತ್ರ ಬಂದಿಲ್ಲ.

"ಇವತ್ತು ಎಷ್ಟು ಜನ ನನ್ನ ಸಾಯಿಸಿದ್ರೇ?" ಎಂದು ನಗುತ್ತಾಳೆ. ಮೈ ಉರಿಯಿತು.

ಮಾರ್ಚ್ 6
ಈ ಇಬ್ಬರೂ ಯಾರು ಎಂದು ಟೀಮ್ ಲೀಡರನ್ನು ಕೇಳಿದೆ. ಯಾರೂ ಅಲ್ಲ, ಪ್ರಶ್ನೆಗೋಸ್ಕರ ಹುಟ್ಟಿಸಿದ್ದು ಎಂದ. ಹುಟ್ಟಿಸಿದವರಿಗೆ ಅಕ್ಕನ ವಯಸ್ಸೇ ಬೇಕಿತ್ತೋ ಏನೋ.

ಕೆಲವರು ಈಗ ನಾನು ಓದಿ ಮುಗಿಸುವ ಮೊದಲೇ ಉತ್ತರ ಕೊಡುತ್ತಿದ್ದಾರೆ. ಒಬ್ಬಳು ಅಜ್ಜಿ, ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದಳು. ಅಂಥವಳು ಇಲ್ಲವೇ ಇಲ್ಲ ಎನ್ನಲು ಯಾಕೋ ಬಾಯಿ ಬರಲಿಲ್ಲ.

ಮಾರ್ಚ್ 7
ಮಾಡಿಬಿಟ್ಟೆ. ಕುಡಿತದ ಮಾತನ್ನು ಎರಡನೆಯವಳಿಂದ ಕಿತ್ತು ಹುಡುಗಿಗೆ ಹಚ್ಚಿದೆ. ದನಿ ಅದೇ. ಸಂಜೆಯೊಳಗೆ ಊರೆಲ್ಲ ಅಕ್ಕನ ಕಡೆ! ಇವರು ಹಾಕಿದ ತಾಳಕ್ಕೆ ಡಾಕ್ಟರು ಕುಣಿಯುವುದಿಲ್ಲ, ಗೊತ್ತು. ಆದರೂ "ಪಾಪ, ಆಕೆಗೇ ಕೊಡಿ" ಎನ್ನುವುದನ್ನು ಕೇಳಿ ಕೇಳಿ ಹೊಟ್ಟೆ ತಣ್ಣಗಾಯಿತು.

ಕೊನೆಯ ಕರೆ ಒಂದು ಎಳೆಯ ದನಿ. ಓದಿ ಮುಗಿಸಿದೆ. ಆ ಕಡೆ ಮಕ್ಕಳ ಗಲಾಟೆ, ಯಾರೋ ನೀರಿಗೆ ಬಿದ್ದ ಸದ್ದು. ಆಮೇಲೆ ಎರಡನೆಯವರಿಗೇ ಕೊಡಿ ಎಂದು ಮೆಲ್ಲಗೆ ಹೇಳಿ ಇಟ್ಟಳು.

ಮಾರ್ಚ್ 19
ಕರೆ ಬಂತು! ಲಿವರ್ ಸಿಕ್ಕಿದೆ. ಇಬ್ಬರನ್ನು ಕರೆಸುತ್ತಾರಂತೆ — ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರಿಗೆ. ಅಕ್ಕ ತಪಾಸಣೆಗೆ ಒಳಗೆ ಹೋಗಿದ್ದಾಳೆ. ನಾನು ಕಾರಿಡಾರಿನ ಬೆಂಚಿನಲ್ಲಿ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಇನ್ನೊಬ್ಬಳು ಆಗಲೇ ಒಳಗೆ ಹೋಗಿಬಂದು ಪಕ್ಕದಲ್ಲಿ ಕೂತಿದ್ದಾಳೆ. ಸಣ್ಣ ಹುಡುಗಿ, ಅದೇ ಹಳದಿ ಕಣ್ಣು. ಏನು ಕೆಲಸ ಎಂದು ಕೇಳಲೇಬಾರದಿತ್ತು. ಈಜು ಕಲಿಸುತ್ತಾಳಂತೆ. ಈಗೀಗ ನೀರಿಗಿಳಿಯಲಾರದೆ ದಡದಲ್ಲಿ ಕೂತೇ ಹೇಳಿಕೊಡುತ್ತಾಳಂತೆ. ಇಪ್ಪತ್ತಾರಾ ಎಂದು ಕೇಳಿಬಿಟ್ಟೆ.

ನನ್ನ ದನಿಗೆ ತಲೆ ಎತ್ತಿದಳು.

"ಅವತ್ತು ಫೋನ್ ಮಾಡಿದ್ದು ನೀವೇ ಅಲ್ವಾ ಮೇಡಂ? ನಾನು ಒಂದಿನಾನೂ ಕುಡಿದವಳಲ್ಲ. ಆದ್ರೆ ನೀವು ಓದ್ತಾ ಇದ್ರೆ, ಕುಡಿದಿದ್ದೆನೇನೋ ಅನ್ಸಿಬಿಡ್ತು."

ಸಿಟ್ಟಿಲ್ಲ ಮುಖದಲ್ಲಿ. ಬರೀ ಭಯ. ಈಗ ಒಳಗೆ ಡಾಕ್ಟರೂ ಕೇಳಿದರಂತೆ, ನೀವು ಕುಡಿಯುತ್ತೀರಂತಲ್ಲ ಎಂದು. ಅವರಿಗೆ ಯಾರು ಹೇಳಿದರೋ! ಸರ್ವೆಯ ಫೋನಿನಲ್ಲಿ ಬಿಟ್ಟು ಆ ಮಾತನ್ನು ನಾನು ಎಲ್ಲೂ ಆಡಿಲ್ಲ. ಇಲ್ಲ ಎಂದರೂ ನಂಬಿದಂತೆ ಕಾಣಲಿಲ್ಲವಂತೆ.

"ಸುಳ್ಳು ಅಂತ ನೀವೊಂದು ಮಾತು ಹೇಳ್ತೀರಾ?"

ಬಾಗಿಲು ತೆರೆದಿದೆ. ನರ್ಸ್ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದಾಳೆ. ಹುಡುಗಿ ನನ್ನನ್ನೇ ನೋಡುತ್ತಿದ್ದಾಳೆ. ನಾನು ತಲೆ ಎತ್ತುತ್ತಿಲ್ಲ, ಬರೆಯುತ್ತಲೇ ಇದ್ದೇನೆ. ಒಳಗೆ ಅಕ್ಕ ಇದ್ದಾಳೆ. ಈಗ ಎದ್ದು ಹೇಳಿದರೆ ಲಿವರ್ ಇವಳಿಗೇ...